ವ್ಯಾಯಾಮ ಗುಡಿಕಟ್ಟೆಗೆ ಬರಲಿ

ಕೊಪ್ಪಳ ಜಿಲ್ಲೆಯ ಗಂಗಾವತಿಯ ಗದ್ದೆಗಳಲ್ಲಿ ವರ್ಷಗಟ್ಟಲೆ ಬಾಗಿ ಭತ್ತ ನಾಟಿ ಮಾಡಿದ ಹೆಂಗಸರಿಗೆ ಅರವತ್ತು ದಾಟಿದ ಮೇಲೆ ಸೊಂಟ ನೆಟ್ಟಗಾಗುವುದೇ ಕಷ್ಟ. ಕುಷ್ಟಗಿ, ಯಲಬುರ್ಗಾ ಸೀಮೆಯ ಸಂಕಟ ಬೇರೆ. ಅಲ್ಲಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದೆ. ಅಂಥ ನೀರನ್ನು ದಶಕಗಟ್ಟಲೆ ಕುಡಿದವರ ಕೀಲು, ಬೆನ್ನುಮೂಳೆ ಬಿಗಿದುಕೊಳ್ಳುತ್ತವೆ. ಮೇಲೆ ಸಕ್ಕರೆ ಕಾಯಿಲೆ, ಬಿ.ಪಿ., ಲಕ್ವ.

ಇವರಿಗೆ ಸಿಗುವುದು ಬಹುಪಾಲು ನೋವಿನ ಮಾತ್ರೆ ಮತ್ತು ‘ಸುಮ್ನ ಕೂಡ್ರಿ’ ಎಂಬ ಮಾತು. ಕೂತಷ್ಟೂ ಸ್ನಾಯು ಸೊರಗುತ್ತದೆ, ಸಕ್ಕರೆ ಏರುತ್ತದೆ.

ದೀರ್ಘಕಾಲದ ಕಾಯಿಲೆ ಇರುವ ಹಿರಿಯರೂ ಶಕ್ತಿಯಿದ್ದಷ್ಟು ಚಟುವಟಿಕೆಯಿಂದಿರಬೇಕು, ಸಾಧ್ಯವಾದರೆ ವಾರಕ್ಕೆ 150 ನಿಮಿಷ. ಮೂರು ದಿನವಾದರೂ ಸಮತೋಲನ, ಬಲವರ್ಧನೆಯ ವ್ಯಾಯಾಮ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು: ಇವಕ್ಕೆ ಯಂತ್ರ ಬೇಡ, ಗುಡಿಕಟ್ಟೆ ಸಾಕು. ಆದರೆ ಯಾರಿಗೆ ಎಷ್ಟು, ಯಾವುದು ಬೇಡ ಎಂದು ಹೇಳಲು ತಿಳಿದವರೇ ಬೇಕು.

ಹಿರಿಯರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲೇ ಶುರುವಾಗಿದೆ. ಜಿಲ್ಲಾಸ್ಪತ್ರೆಗೆ ಫಿಸಿಯೊಥೆರಪಿಸ್ಟ್, ಸಮುದಾಯ ಆರೋಗ್ಯ ಕೇಂದ್ರಕ್ಕೆ ಪುನರ್ವಸತಿ ಕಾರ್ಯಕರ್ತ, ಹಾಸಿಗೆ ಹಿಡಿದವರ ಮನೆಭೇಟಿ ಎಲ್ಲವೂ ಅದರ ಯೋಜನೆಯಲ್ಲಿವೆ. ಕುಷ್ಟಗಿಯ ಗಡಿಹಳ್ಳಿಯಲ್ಲಿ ಮೊಣಕಾಲು ಮಡಚಲಾಗದ ಅಜ್ಜಿ ಮಾತ್ರ ಬಸ್ಸಿನ ಮೆಟ್ಟಿಲು ಹತ್ತಿ ವಾರವಾರ ಕೊಪ್ಪಳದ ಜಿಲ್ಲಾಸ್ಪತ್ರೆಗೆ ಬರಲಾರಳು.

ಆರೋಗ್ಯ ಇಲಾಖೆ ವಾರಕ್ಕೊಂದು ದಿನ ಫಿಸಿಯೊಥೆರಪಿಸ್ಟರನ್ನು ಹಳ್ಳಿಗಳಿಗೆ ಕಳಿಸಲಿ. ಉಳಿದ ದಿನ ಆಶಾ ಕಾರ್ಯಕರ್ತೆಯರು ಅಭ್ಯಾಸ ಮುಂದುವರಿಸಲಿ. ಆ ಕೆಲಸಕ್ಕೆ ಅವರಿಗೆ ಬೇರೆಯಾಗಿಯೇ ಗೌರವಧನ ಕೊಡಬೇಕು.