ಪಾಕೀಟು ಅಗ್ಗ, ಎದೆಗೆ ತುಟ್ಟಿ



ಯುಗಾದಿಯ ಹೊತ್ತಿಗೆ ಸಿರಸಂಗಿ ಕಾಳಮ್ಮನ ಜಾತ್ರೆಗೆ ನೀವು ಹೋಗಿ ಬಂದಿರಬಹುದು. ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುವವರು ಇಂದಿಗೂ ಇದ್ದಾರೆ. ಆದರೆ ಕೈಯಲ್ಲಿ ಬಣ್ಣದ ಪಾಕೀಟು ಇಲ್ಲದ ಮಗು ಅಪರೂಪವಾಗಿದೆ. ಜಾತ್ರೆಯ ಒಂದು ದಿನದ ತಿಂಡಿಗೆ ಯಾರ ತಕರಾರೂ ಇಲ್ಲ. ಆ ಪಾಕೀಟು ದಿನದ ಊಟದ ಜಾಗಕ್ಕೆ ಬಂದು ಕುಳಿತದ್ದೇ ಚಿಂತೆಯ ವಿಷಯ. ಬೆಳಿಗ್ಗೆ ಚಹಾದೊಡನೆ ಬಿಸ್ಕೀಟು, ಶಾಲೆಯಿಂದ ಬಂದ ಹುಡುಗನಿಗೆ ನೂಡಲ್ಸ್, ಹೊಲದಿಂದ ಬಂದವರಿಗೆ ಬಾಟಲಿಯ ಸಿಹಿ ಪಾನೀಯ.

ಅತಿಸಂಸ್ಕರಿತ ಆಹಾರವೆಂದರೇನು?

ಜೋಳ ಬೀಸುವುದು, ಶೇಂಗಾ ಗಾಣಕ್ಕೆ ಹಾಕುವುದು, ಹಾಲಿಗೆ ಹೆಪ್ಪು ಹಾಕುವುದು ಇವೂ ಸಂಸ್ಕರಣೆಯೇ. ಅದರಲ್ಲಿ ದೋಷವಿಲ್ಲ. ಧಾನ್ಯವನ್ನು ಕಾರಖಾನೆಯಲ್ಲಿ ಪಿಷ್ಟ, ಸಕ್ಕರೆ ಪಾಕ, ಎಣ್ಣೆಯೆಂದು ಬಿಡಿಸಿ, ಬಣ್ಣ, ವಾಸನೆ, ರುಚಿ ಹೆಚ್ಚಿಸುವ ಪುಡಿ ಬೆರೆಸಿ ಮತ್ತೆ ಕೂಡಿಸಿದ್ದು ಅತಿಸಂಸ್ಕರಿತ ಆಹಾರ. ಈ ವಿಂಗಡಣೆಯನ್ನು 2009ರಲ್ಲಿ ಬ್ರೆಜಿಲ್ ದೇಶದ ಕಾರ್ಲೊಸ್ ಮೊಂಟೇರೊ ಮುಂದಿಟ್ಟರು. ಗುರುತು ಸುಲಭ: ಪಾಕೀಟಿನ ಹಿಂದೆ ಬರೆದ ಪದಾರ್ಥಗಳಲ್ಲಿ ನಿಮ್ಮ ಅಡಿಗೆಮನೆಯಲ್ಲಿ ಎಂದೂ ಕಾಣದ ಹೆಸರುಗಳು ಇದ್ದರೆ ಅದು ಈ ಜಾತಿಯದು.

ಎದೆಗೇನು ಸಂಬಂಧ?

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಹೃದಯರೋಗದ ಅಧ್ಯಯನ ನಡೆದಿದೆ. ಅಲ್ಲಿಯ ಎರಡನೆಯ ತಲೆಮಾರಿನ ಸುಮಾರು 3,000 ಜನರ ಊಟದ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಇಂಥ ಆಹಾರವನ್ನು ದಿನಕ್ಕೆ ಒಂದು ಸಲ ಹೆಚ್ಚಿಗೆ ತಿಂದಂತೆಲ್ಲ ಹೃದಯ, ರಕ್ತನಾಳಗಳ ರೋಗದಿಂದ ಸಾಯುವ ಅಪಾಯ ಶೇ. 9ರಷ್ಟು ಹೆಚ್ಚು ಕಂಡಿತು. ಫ್ರಾನ್ಸಿನಲ್ಲಿ ಲಕ್ಷಕ್ಕೂ ಮಿಕ್ಕಿದ ಜನರ ಮೇಲೆ ನಡೆದು 2019ರಲ್ಲಿ ಹೊರಬಂದ ಅಧ್ಯಯನದ ದಿಕ್ಕೂ ಇದೇ. ಇವು ಜನರನ್ನು ವರ್ಷಗಟ್ಟಲೆ ಗಮನಿಸಿ ಕಂಡ ಸಂಬಂಧಗಳು. ತಂಬಾಕು, ವಯಸ್ಸು ಮೊದಲಾದವನ್ನು ಲೆಕ್ಕಕ್ಕೆ ಹಿಡಿದರೂ ತಪ್ಪು ಪೂರ್ತಿ ಪಾಕೀಟಿನದೇ ಎಂದು ಹೇಳಲಾಗದು. ಆದರೆ ಹೆಚ್ಚು ಉಪ್ಪಿನಿಂದ ರಕ್ತದೊತ್ತಡ ಏರುವುದು, ಹೆಚ್ಚು ಸಕ್ಕರೆಯಿಂದ ಬೊಜ್ಜು, ಅದರ ಹಿಂದೆ ಸಿಹಿಮೂತ್ರ ಬರುವುದು ನಿಮ್ಮ ವೈದ್ಯರಿಗೂ ಗೊತ್ತಿದ್ದದ್ದೇ. ನಾರು ಇಲ್ಲದ ಮೆತ್ತನೆಯ ತಿಂಡಿ ಹೊಟ್ಟೆ ತುಂಬಿತೆಂದು ಅನಿಸುವ ಮೊದಲೇ ಮುಗಿದಿರುತ್ತದೆ.

ಸರಕಾರದ ಎರಡು ಮಾತು

2025ರ ಜನವರಿಯಲ್ಲಿ ಕೇಂದ್ರದ ಆರ್ಥಿಕ ಸಮೀಕ್ಷೆ ಇಂಥ ಆಹಾರದ ಮೇಲೆ ಹೆಚ್ಚಿನ ತೆರಿಗೆಯನ್ನು ಪರಿಶೀಲಿಸಬೇಕೆಂದು ಹೇಳಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಬಿಸ್ಕೀಟಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ, ಪಾಕೀಟಿನ ಖಾರದ ತಿಂಡಿಯದು ಶೇ. 12ರಿಂದ 5ಕ್ಕೆ ಇಳಿಯಿತು. ಗ್ಯಾಸ್ ತುಂಬಿದ ಸಿಹಿ ಪಾನೀಯ ಮಾತ್ರ ಶೇ. 40ರಲ್ಲಿ ಉಳಿಯಿತು. ಬಡವನ ಖರ್ಚು ತಗ್ಗಲೆಂಬ ಉದ್ದೇಶ ಸರಿಯೇ. ಆದರೆ ಅಗ್ಗವಾದದ್ದು ಹೆಚ್ಚು ಖರ್ಚಾಗುತ್ತದೆಂಬುದು ಸಂತೆ ಕಂಡವರಿಗೆಲ್ಲ ಗೊತ್ತು. ದವಾಖಾನೆಯ ಖರ್ಚು ಬಂದಾಗ ಅದನ್ನು ಹೊರುವವನೂ ಅದೇ ಬಡವ.

ನಮ್ಮ ಕಾಳು, ನಮಗೇ ತುಟ್ಟಿ

ಇನ್ನೊಂದು ಲೆಕ್ಕ ನೋಡಿರಿ. ಮಲಪ್ರಭೆಯ ನೀರು ಬಂದ ಮೇಲೆ ನಮ್ಮ ಭಾಗದಲ್ಲಿ ಗೋವಿನಜೋಳ ಹೆಚ್ಚಿತು. 2025-26ಕ್ಕೆ ಅದರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂ., ಅಂದರೆ ಕಿಲೊಗೆ 24 ರೂ. ಅದೂ ಕೈಗೆ ಸಿಗದೆ ಆ ವರ್ಷದ ನವೆಂಬರಿನಲ್ಲಿ ರಾಜ್ಯದ ರೈತರು ಬೀದಿಗಿಳಿಯಬೇಕಾಯಿತು. ಅದೇ ಗೋವಿನಜೋಳ ಪಿಷ್ಟವಾಗಿ, ಪುಡಿಯಾಗಿ ಪಾಕೀಟು ಸೇರುತ್ತದೆ. ಹತ್ತು ರೂಪಾಯಿಯ ಪಾಕೀಟಿನಲ್ಲಿ 25 ಗ್ರಾಂ ತಿಂಡಿ ಇದ್ದರೆ ಕಿಲೊಗೆ 400 ರೂ. ಆಯಿತು. ಮಾರುವಾಗ ನಷ್ಟ, ಕೊಳ್ಳುವಾಗ ನಷ್ಟ, ತಿಂದ ಮೇಲೆ ಎದೆಗೂ ನಷ್ಟ.

ನೀವು ಮಾಡಬಹುದಾದದ್ದು

ಮಾರುವ ಮೊದಲು ಮನೆಗೆ ವರ್ಷಕ್ಕೆ ಬೇಕಾದಷ್ಟು ಬಿಳಿಜೋಳ, ಕಡಲೆ, ಹೆಸರು, ಶೇಂಗಾ ತೆಗೆದಿಡಿರಿ. ಮಕ್ಕಳ ಕೈಗೆ ಹುರಿದ ಶೇಂಗಾ, ಪುಟಾಣಿ, ಬೆಲ್ಲದ ಸಣ್ಣ ತುಂಡು ಕೊಡಿರಿ. ಬಾಟಲಿಯ ಬದಲು ಮಜ್ಜಿಗೆ ಇರಲಿ. ಕೊಳ್ಳಲೇಬೇಕಾದರೆ ಪಾಕೀಟಿನ ಮೇಲಿನ ಸೋಡಿಯಂ ಅಂಕಿ ಓದಿರಿ: 400 ಮಿಲಿಗ್ರಾಂ ಎಂದರೆ ಒಂದು ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂ ಉಪ್ಪಿನ ಒಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳಗಳಿಗೂ ಇದೇ ಲೆಕ್ಕ. ಓದು ಬಾರದ ಹಿರಿಯರಿಗೆ ವಾಚನಾಲಯದಲ್ಲಿ ಕುಳಿತ ತರುಣರು ಪಾಕೀಟಿನ ಬರಹ ಓದಿ ಹೇಳಲಿ.

ತೆರಿಗೆ ಇಳಿಸುವುದು, ಏರಿಸುವುದು ದಿಲ್ಲಿಯ ಕೈಯಲ್ಲಿದೆ. ಬುತ್ತಿಯಲ್ಲಿ ಏನಿರಬೇಕೆಂಬುದು ನಿಮ್ಮ ಕೈಯಲ್ಲಿದೆ.