ತಿರುಳಿನ ಲೆಕ್ಕದಲ್ಲಿ ಬ್ರೆಜಿಲ್‌, ಕೆನಡಾ. ನೀರಿನ ಲೆಕ್ಕದಲ್ಲಿ ಚಿಕ್ಕಬಳ್ಳಾಪುರ

ಕಾಗದ ಉದ್ಯಮದ ಮೂಲವಸ್ತುವಾದ ಮರದ ತಿರುಳಿನ, ಅಂದರೆ ಪಲ್ಪ್‌ನ ರಫ್ತಿನಲ್ಲಿ ಕಳೆದ ಕಾಲು ಶತಮಾನದ ಅವಧಿಯಲ್ಲಿ ಎರಡು ರಾಷ್ಟ್ರಗಳ ಸ್ಥಾನ ಅದಲುಬದಲಾಗಿದೆ. 2000ನೇ ಇಸವಿಯಲ್ಲಿ ಕೆನಡಾ ಒಂದು ಕೋಟಿ ಟನ್‌ಗೂ ಅಧಿಕ ತಿರುಳನ್ನು ರಫ್ತು ಮಾಡಿದರೆ ಬ್ರೆಜಿಲ್‌ನ ಪಾಲು 30 ಲಕ್ಷ ಟನ್‌ಗಳ ಆಸುಪಾಸಿನಲ್ಲಿತ್ತು. 2014ರಲ್ಲಿ ಬ್ರೆಜಿಲ್‌ ಒಂದು ಕೋಟಿಯ ಗಡಿ ದಾಟಿತು. 2022ರಲ್ಲಿ ಸುಮಾರು 1.9 ಕೋಟಿ ಟನ್‌ ತಲುಪಿತು. ಅಷ್ಟರಲ್ಲಿ ಕೆನಡಾ ಅದೇ ಗಡಿಯಿಂದ ಕೆಳಗಿಳಿದಿತ್ತು.

ಈ ಬೆಳವಣಿಗೆ ನಂದಿಬೆಟ್ಟದ ನೆರೆಯ ಮುದ್ದೇನಹಳ್ಳಿ ಸೀಮೆಗೆ ಅಪರಿಚಿತವೇನಲ್ಲ. ಬ್ರೆಜಿಲ್‌ ಗೆದ್ದದ್ದು ನೀಲಗಿರಿಯಿಂದ. ಆ ದೇಶದಲ್ಲಿ ರೈಲ್ವೆ ಕಂಪನಿಯೊಂದಕ್ಕಾಗಿ ನವಾರೊ ಡಿ ಆಂಡ್ರಾಡೆ ನೀಲಗಿರಿ ತೋಪುಗಳನ್ನು ಬೆಳೆಸತೊಡಗಿದ್ದು 20ನೇ ಶತಮಾನದ ಆರಂಭದಲ್ಲಿ. ನಂದಿಬೆಟ್ಟಕ್ಕೆ ಅದು 1790ರ ಸುಮಾರಿಗೇ, ಟಿಪ್ಪುವಿನ ಕಾಲದಲ್ಲಿ ಬಂದಿತೆನ್ನಲಾಗಿದೆ. ‘ಮೈಸೂರು ಗಮ್‌’ ಎಂಬ ತಳಿ ದೇಶವಿಡೀ ಹರಡಿದ್ದು ಇಲ್ಲಿಂದಲೇ.

ಆದರೆ ಟನ್ನುಗಳ ಹೋಲಿಕೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಕೆನಡಾದ ಸ್ಪ್ರೂಸ್‌, ಪೈನ್‌ ಮರಗಳ ನಾರು ಉದ್ದ. ಕಾಗದಕ್ಕೆ ಬಲ ಕೊಡುವ ಈ ತಿರುಳಿಗೆ ಸಾಮಾನ್ಯವಾಗಿ ಬೆಲೆಯೂ ಹೆಚ್ಚು. ನೀಲಗಿರಿಯದು ಗಿಡ್ಡ ನಾರು. ಟಿಶ್ಯೂ ಮತ್ತು ಮುದ್ರಣ ಕಾಗದಕ್ಕೆ ಅನುಕೂಲ, ಅಗ್ಗ. ಕೆನಡಾದ ಮರ ಕಟಾವಿಗೆ ಬರಲು ಅರವತ್ತು, ಎಂಬತ್ತು ವರ್ಷ ಬೇಕು. ಬ್ರೆಜಿಲ್‌ನ ತೋಪು ಆರೇಳು ವರ್ಷಕ್ಕೇ ಸಿದ್ಧ. ಇದರೊಡನೆ ಬ್ರಿಟಿಷ್‌ ಕೊಲಂಬಿಯಾದ ಪೈನ್‌ ಕಾಡುಗಳನ್ನು ತೊಗಟೆ ದುಂಬಿ ತಿಂದುಹಾಕಿತು, ಮರ ಸಿಗದೆ ಗಿರಣಿಗಳು ಮುಚ್ಚಿದವು. ಅತ್ತ ಬ್ರೆಜಿಲ್‌ನ ಸುಜಾನೊ ಕಂಪನಿ 2024ರಲ್ಲಿ ವರ್ಷಕ್ಕೆ 25 ಲಕ್ಷ ಟನ್‌ ಮೀರಿದ ಸಾಮರ್ಥ್ಯದ ಒಂದೇ ಕಾರ್ಖಾನೆಯನ್ನು ಆರಂಭಿಸಿತು.

ಹಾಗಾದರೆ ಅದೇ ಮರವನ್ನು ಮೊದಲೇ ಪಡೆದಿದ್ದ ಕರ್ನಾಟಕಕ್ಕೆ ಇದೇಕೆ ಒಲಿಯಲಿಲ್ಲ? ಪ್ರಯತ್ನ ನಡೆಯಲಿಲ್ಲವೆಂದಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಭರಾಟೆಯಲ್ಲಿ ಅಂದಿನ ಅವಿಭಜಿತ ಕೋಲಾರ ಜಿಲ್ಲೆಯ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಕೂಲಿಯ ಖರ್ಚು ಕಡಿಮೆ, ಖರೀದಿ ಖಚಿತ. ರೈತನ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಹರಿಹರದ ಪಾಲಿಫೈಬರ್ಸ್‌ ಕಾರ್ಖಾನೆಗೆ ಮರ ಒದಗಿಸಲು ಸ್ಥಾಪಿತವಾದ ಕರ್ನಾಟಕ ಪಲ್ಪ್‌ವುಡ್‌ ಸಂಸ್ಥೆಗೆ ಗೋಮಾಳ, ಅರಣ್ಯಭೂಮಿ ನೀಡಿದಾಗ ಮಾತ್ರ ಜನ ಸಿಡಿದೆದ್ದರು. 1987ರ ನವೆಂಬರ್‌ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹದಲ್ಲಿ ನೀಲಗಿರಿ ಸಸಿ ಕಿತ್ತು ಜನೋಪಯೋಗಿ ಸಸಿಗಳನ್ನು ನೆಟ್ಟರು. ಕಡೆಗೆ ಆ ಸಂಸ್ಥೆಯೇ ಮುಚ್ಚಿತು.

ಮೂಲ ವ್ಯತ್ಯಾಸವಿರುವುದು ಮಳೆಯಲ್ಲಿ. ಬ್ರೆಜಿಲ್‌ನ ತೋಪುಗಳ ಬಹುಭಾಗದಲ್ಲಿ ವಾರ್ಷಿಕ ಮಳೆ ಸಾವಿರ ಮಿಲಿಮೀಟರ್‌ ಮೀರುತ್ತದೆ. ಚಿಕ್ಕಬಳ್ಳಾಪುರದಲ್ಲಿ ಸುಮಾರು 700. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಅಂತರ್ಜಲ ಪಾತಾಳ ಸೇರಿದ್ದಕ್ಕೆ ಕೊಳವೆಬಾವಿಗಳ ಪಾಲು ದೊಡ್ಡದೇ ಇದೆ, ಎಲ್ಲವನ್ನೂ ಮರದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಆಳಕ್ಕೆ ಬೇರುಬಿಡುವ ತೋಪು, ಇಂಗಬೇಕಾದ ನೀರನ್ನು ನಡುದಾರಿಯಲ್ಲೇ ಹೀರುತ್ತದೆಂಬುದನ್ನೂ ಅಲ್ಲಗಳೆಯಲಾಗದು. ರಫ್ತು ಕೋಷ್ಟಕದಲ್ಲಿ ಈ ನೀರಿಗೆ ಅಂಕಣವೇ ಇಲ್ಲ.

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕಡಿದ ಬುಡ ಮತ್ತೆ ಚಿಗುರುವುದರಿಂದ ನಿಷೇಧ ಮಾತ್ರ ಸಾಲದು. ಬುಡ ಕೀಳಿಸುವ ಯಂತ್ರದ ಬಾಡಿಗೆ ಸಣ್ಣ ಹಿಡುವಳಿದಾರನಿಗೆ ದೊಡ್ಡ ಹೊರೆ. ಆ ವೆಚ್ಚವನ್ನು ಯಾರು ಭರಿಸಬೇಕೆಂಬುದು ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ. ಈ ನಡುವೆ ಜಿಲ್ಲೆಯ ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಬರುತ್ತಿದೆ.