ವಾರ್ಲಿ ಚಿತ್ರ ಬರೆಯುವ ಮುನ್ನ ವಾರ್ಲಿ ಜನರನ್ನು ಅರಿಯೋಣ



ಶಾಲೆಯ ಕಾಂಪೌಂಡ್ ಗೋಡೆಗೆ ಚಿತ್ರ ಬರೆಸಬೇಕೆಂದರೆ ಕರ್ನಾಟಕದಲ್ಲಿ ಇವತ್ತು ಮೊದಲು ನೆನಪಾಗುವುದು ವಾರ್ಲಿ. ಕೆಮ್ಮಣ್ಣಿನ ಬಣ್ಣ, ಬಿಳಿ ಗೆರೆ, ತ್ರಿಕೋನದ ಮೈ, ಕಡ್ಡಿಯಂಥ ಕೈಕಾಲು, ಸುರುಳಿ ಸುತ್ತಿ ಕುಣಿಯುವ ಸಾಲು. ಮಡಕೆಯ ಮೇಲೂ ಅದೇ, ಪೆನ್ ಸ್ಟ್ಯಾಂಡ್ ಮೇಲೂ ಅದೇ. ಬರೆದ ಮಕ್ಕಳನ್ನು ‘ವಾರ್ಲಿ ಅಂದರೆ ಯಾರು?’ ಎಂದು ಕೇಳಿ ನೋಡಿ. ‘ಅದೊಂದು ಡಿಸೈನ್’ ಎನ್ನುವವರೇ ಹೆಚ್ಚು. ಇದಕ್ಕೆ ಮಕ್ಕಳು ಹೊಣೆಯಲ್ಲ, ಕಲಿಸುವ ನಾವು ಹೊಣೆ.

ವಾರ್ಲಿಗಳು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಡಹಾಣು, ತಲಾಸರಿ, ಜವ್ಹಾರ್ ಕಡೆಯ, ಗುಜರಾತಿನ ಗಡಿಯಾಚೆಗೂ ಹರಡಿರುವ ಆದಿವಾಸಿ ಜನ. ಅವರಲ್ಲಿ ಮದುವೆ ಬಂದಾಗ ಸಗಣಿ, ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಮುತ್ತೈದೆಯರು ಅಕ್ಕಿಹಿಟ್ಟಿನಿಂದ ಚೌಕ ಬರೆಯುತ್ತಾರೆ. ತುದಿ ಜಜ್ಜಿದ ಬಿದಿರಕಡ್ಡಿಯೇ ಕುಂಚ. ಚೌಕದ ನಡುವೆ ನಿಲ್ಲುವವಳು ಪಾಲಘಟ ದೇವಿ, ಬೆಳೆಯನ್ನೂ ಸಂತಾನವನ್ನೂ ಕೊಡುವ ತಾಯಿ. ಧವಲೇರಿ ಎನ್ನುವ ಹೆಂಗಸು ಹಾಡು ಹೇಳುತ್ತಾ ಮದುವೆ ನಡೆಸಿಕೊಡುತ್ತಾಳೆ. ಚೌಕ ಬರೆಯದೆ ಮದುವೆ ಇಲ್ಲ. ನಮ್ಮ ಮದುವೆ ಮನೆಯಲ್ಲಿ ಕಳಶಕ್ಕಿರುವ ಸ್ಥಾನವೇ ಅಲ್ಲಿ ಆ ಚೌಕಕ್ಕೆ ಇದೆ. ಅದರ ಅಂಚನ್ನೂ ದೇವಿಯ ರೂಪವನ್ನೂ ನಾವು ಕಸದ ಡಬ್ಬಿಯ ಮೇಲೆ, ಕಾಲೊರಸಿನ ಮೇಲೆ ಅಂದಕ್ಕೆಂದು ಬರೆಸುತ್ತಿದ್ದೇವೆ. ಗೊತ್ತಿಲ್ಲದೆ ಆಗುತ್ತಿರುವುದು ನಿಜ. ಗೊತ್ತಾದ ಮೇಲೂ ಮುಂದುವರಿಸುವುದು ತಪ್ಪು.

‘ಹಾಗಾದರೆ ವಾರ್ಲಿಯನ್ನು ಮುಟ್ಟಲೇಬಾರದೇ?’ ಎಂದು ಕೆಲವು ಶಿಕ್ಷಕರು ಕೇಳುತ್ತಾರೆ. ಖಂಡಿತ ಮುಟ್ಟಬಹುದು. ಈ ಕಲೆಯನ್ನು ಗೋಡೆಯಿಂದ ಕಾಗದಕ್ಕೆ, ಅಲ್ಲಿಂದ ಜಗತ್ತಿಗೆ ತಂದವರು ವಾರ್ಲಿಗಳೇ. ಹೆಂಗಸರ ಕೈಯಲ್ಲಿದ್ದ ಚಿತ್ರವನ್ನು 1970ರ ದಶಕದಲ್ಲಿ ಕಾಗದದ ಮೇಲೆ ಬೆಳೆಸಿದ ಜಿವ್ಯಾ ಸೋಮಾ ಮಾಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. 2018ರಲ್ಲಿ ಅವರು ತೀರಿಕೊಂಡರು. ಭತ್ತದ ನಾಟಿ, ಮೀನಿನ ಬಲೆ, ತಾರ್ಪಾ ವಾದ್ಯದ ಸುತ್ತ ಕುಣಿತ, ಇರುವೆಗಳ ಸಾಲು, ಇವೆಲ್ಲ ವಾರ್ಲಿಗಳು ನಮಗೆ ಮನಸಾರೆ ತೋರಿಸಿದ ಲೋಕ. ಮಾರಾಟಕ್ಕೆ ಬರೆಯುವ ವಾರ್ಲಿ ಕಲಾವಿದರಲ್ಲಿ ಕೆಲವರು ಚೌಕವನ್ನೂ ಬರೆಯುತ್ತಾರೆ. ಅದು ಅವರ ತೀರ್ಮಾನ. ಅವರ ದೇವರ ವಿಷಯದಲ್ಲಿ ತೀರ್ಮಾನ ಮಾಡುವ ಹಕ್ಕು ನಮಗಿಲ್ಲ.

2014ರಲ್ಲಿ ವಾರ್ಲಿ ಚಿತ್ರಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಆ ಹೆಸರನ್ನು ಬೇರೆಯವರು ವ್ಯಾಪಾರಕ್ಕೆ ಬಳಸದಂತೆ ಕಾಯುವ ಕಾನೂನಿನ ರಕ್ಷಣೆ, ಸಿಕ್ಕಿದೆ. ತರಗತಿಯಲ್ಲಿ ಚಿತ್ರ ಬರೆಯುವ ಮಗುವನ್ನು ಆ ಕಾನೂನು ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಮಗುವಿಗೆ ಬೇಕಾದದ್ದು ತಿಳಿವಳಿಕೆ. ಅದಿಲ್ಲದೆ ಪವಿತ್ರ ಚಿತ್ರವನ್ನು ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದಲ್ಲಿ ಆದದ್ದನ್ನು ಕೇಳಿ. ಅಲ್ಲಿನ ಮೂಲನಿವಾಸಿ ಕಲಾವಿದರ ಚಿತ್ರಗಳು, ಜನರಿಗೆ ಅರಿವು ಮೂಡಿಸಲೆಂದು ಅವರ ಒಪ್ಪಿಗೆಯಿಂದಲೇ ಅಚ್ಚಾಗಿದ್ದವು. ವ್ಯಾಪಾರಿಗಳು ಅವನ್ನು ನಕಲು ಮಾಡಿ ವಿಯೆಟ್ನಾಮಿನಲ್ಲಿ ಕಾರ್ಪೆಟ್ ನೇಯಿಸಿದರು. ಪೂರ್ವಿಕರ ಪವಿತ್ರ ಕಥೆಗಳು ಜನರ ಕಾಲಡಿಗೆ ಬಂದವು. 1994ರಲ್ಲಿ ನ್ಯಾಯಾಲಯ ಕಲಾವಿದರ ಪರ ತೀರ್ಪು ಕೊಟ್ಟು, 1,88,000 ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕೆಂದು ಆದೇಶಿಸಿತು. ಆ ಕಲಾವಿದರನ್ನು ಹಣಕ್ಕಿಂತ ಹೆಚ್ಚು ಕಾಡಿದ್ದು ತಮ್ಮ ಕುಲದ ಹಿರಿಯರಿಗೆ ಏನು ಉತ್ತರ ಹೇಳುವುದೆಂಬ ಸಂಕಟ. ಅವರ ಪಾಲಿಗೆ ಚಿತ್ರ ಬರೆದವನು ಅದರ ಕಾವಲುಗಾರ ಮಾತ್ರ. ಒಡೆತನ ಇಡೀ ಕುಲದ್ದು.

ನಮ್ಮ ಸಾಗರ, ಸೊರಬದ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನೂ ಇದೇ ಗೌರವದಿಂದ ನೋಡಬೇಕು. ಅದೂ ಮದುವೆಯ ಗೋಡೆಯಲ್ಲಿ ಹುಟ್ಟಿದ್ದು. ಪುಂಡಿ ನಾರಿನ ಕುಂಚ, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು. ಅದನ್ನು ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಯೂಟ್ಯೂಬ್ ನೋಡಿ ಕಲಿಸುವ ಬದಲು ಅವರನ್ನು ಶಾಲೆಗೆ ಕರೆಸಿ. ಬಸ್ ಚಾರ್ಜಿನ ಜೊತೆಗೆ ಸಂಭಾವನೆಯನ್ನೂ ಕೊಡಿ. ಶಾಲು ಹೊದಿಸಿ ಬರಿಗೈಯಲ್ಲಿ ಕಳಿಸಬೇಡಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ವಾರ್ಷಿಕೋತ್ಸವದ ‘ಆದಿವಾಸಿ ನೃತ್ಯ’ಕ್ಕೆ ಮಕ್ಕಳ ಮುಖಕ್ಕೆ ಮಸಿ ಬಳಿದು, ಸೊಪ್ಪು ಕಟ್ಟಿ, ಅರ್ಥವಿಲ್ಲದ ಕೂಗು ಹಾಕಿಸುವುದನ್ನು ಇಂದೇ ನಿಲ್ಲಿಸಿ. ಅದೇ ಶಾಲೆಯಲ್ಲಿ ಜೇನುಕುರುಬರ ಮಗು ಕೂತಿರಬಹುದು, ಸೋಲಿಗರ, ಸಿದ್ದಿಯರ, ಕೊರಗರ ಮಗು ಕೂತಿರಬಹುದು. ತನ್ನ ತಾಯಿಯನ್ನು ಹೀಗೆ ಆಡಿ ತೋರಿಸುವುದನ್ನು ಆ ಮಗು ನೋಡುತ್ತಿರುತ್ತದೆ.

ಮಕ್ಕಳೇ, ವಾರ್ಲಿಗಳಿಂದ ನೀವು ಕಲಿಯಬೇಕಾದದ್ದು ಅವರು ಸುತ್ತಲ ಬದುಕನ್ನು ನೋಡುವ ಬಗೆ. ಎರಡು ತ್ರಿಕೋನದಲ್ಲಿ ದುಡಿಯುವ ಮನುಷ್ಯನನ್ನು ಕಾಣುವುದು ಸಣ್ಣ ಸಾಧನೆಯಲ್ಲ. ಆ ಕಣ್ಣಿನಿಂದ ನಿಮ್ಮೂರ ಸಂತೆ, ಬಸ್ ಸ್ಟ್ಯಾಂಡ್, ಕಬ್ಬಿನ ಗದ್ದೆ, ಕೆರೆ ಏರಿಯನ್ನು ನೋಡಿ, ನಿಮ್ಮದೇ ಚಿತ್ರ ಬರೆಯಿರಿ. ಪ್ರತಿಭಾ ಕಾರಂಜಿ ಸ್ಪರ್ಧೆಗೆ ಕೊಡುವಾಗ ಕೆಳಗೆ ‘ವಾರ್ಲಿ ಆದಿವಾಸಿಗಳ ಕಲೆಯಿಂದ ಕಲಿತದ್ದು’ ಎಂದು ಬರೆಯಿರಿ. ತೀರ್ಪುಗಾರರೇ, ಆ ಸಾಲಿಗೂ ಅಂಕ ಕೊಡಿ.

ಶಿಕ್ಷಕರೇ, ಈ ವರ್ಷ ಗೋಡೆಗೆ ಬಣ್ಣ ತರಿಸುವ ಮುನ್ನ ಒಂದು ಪೀರಿಯಡ್ ವಾರ್ಲಿ ಜನರ ಬದುಕಿನ ಬಗ್ಗೆ ಪಾಠ ಮಾಡಿ. ದೇವಿಯ ಚೌಕವನ್ನು ಬಿಡಿ. ಚಿತ್ರ ಮುಗಿದ ಮೇಲೆ ದಾರಿಹೋಕರಿಗೆ ಕಾಣುವಷ್ಟು ದೊಡ್ಡದಾಗಿ ಆ ಜನರ ಹೆಸರನ್ನೂ ಊರನ್ನೂ ಬರೆಸಿ. ಈ ಕರಪತ್ರವನ್ನು ನೋಟಿಸ್ ಬೋರ್ಡಿಗೆ ಹಚ್ಚಿ, ಪಕ್ಕದ ಶಾಲೆಗೂ ಒಂದು ಪ್ರತಿ ತಲುಪಿಸಿ.